ಪದವಿ ಸಿಕ್ಕಿತು, ಪ್ರತಿಜ್ಞೆ ಯಾರ ಮುಂದೆ?

ಪ್ರಶ್ನೆ: ಮಂಡ್ಯದಲ್ಲಿ ಓದಿ ಈ ವರ್ಷ ಸಿವಿಲ್ ಬಿ.ಇ. ಮುಗಿಸಿದೆ. ನನ್ನ ದೊಡ್ಡಪ್ಪನ ಮಗಳು ಕೆನಡಾದಲ್ಲಿ ಎಂಜಿನಿಯರಿಂಗ್ ಓದಿದವಳು. ಪದವಿಯ ಹೊತ್ತಿಗೆ ಅಲ್ಲಿ ಎಲ್ಲರೂ ಸೇರಿ ಪ್ರತಿಜ್ಞೆ ಮಾಡಿ, ಕಿರುಬೆರಳಿಗೆ ಕಬ್ಬಿಣದ ಉಂಗುರ ಹಾಕಿಕೊಂಡರಂತೆ. ನಮಗೆ ಘಟಿಕೋತ್ಸವದ ಗೌನು, ಫೋಟೊ, ಊಟ, ಅಷ್ಟೆ. ಮುಂದಿನ ತಿಂಗಳು ಮೈಸೂರಿನ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್ ಆಗಿ ಸೇರುತ್ತೇನೆ. ‘ಸೈಟಿನಲ್ಲಿ ಆದರ್ಶ ನಡೆಯುವುದಿಲ್ಲ, ಬೇಗ ಕಲಿತುಕೋ’ ಎಂದು ಕಾಲೇಜಿನ ಹಿರಿಯರು ಈಗಲೇ ಹೇಳುತ್ತಿದ್ದಾರೆ. ಇಂಥ ಪ್ರತಿಜ್ಞೆಗೆ ನಿಜವಾಗಿ ಬೆಲೆ ಇದೆಯೇ? ನಮ್ಮಲ್ಲಿ ಏಕಿಲ್ಲ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಅರ್ಧ ನಿಜ. ಭಾಷಣದ ಆದರ್ಶ ಸೈಟಿನಲ್ಲಿ ನಡೆಯುವುದಿಲ್ಲ. ಆದರೆ ‘ಈ ಕೆಲಸ ಇಲ್ಲಿಗೆ ನಿಲ್ಲಲಿ’ ಎಂದು ಒಬ್ಬ ಎಂಜಿನಿಯರ್ ಹೊತ್ತಿಗೆ ಸರಿಯಾಗಿ ಹೇಳುವುದು ನಡೆಯುತ್ತದೆ. ಹೇಳದೆ ಹೋದ ಕಡೆ ಹೆಣಗಳು ಬಿದ್ದಿವೆ. ವೃತ್ತಿಯ ಆದರ್ಶ ಎಂದು ನಾನು ಕರೆಯುವುದು ಬಹುಮಟ್ಟಿಗೆ ಇದನ್ನೇ. ನಿಮ್ಮ ಅಕ್ಕನ ಉಂಗುರದ ಜೊತೆ ಅಲ್ಲಿನವರು ನೆನೆಯುವ ಸೇತುವೆಯ ಕಥೆಯೂ ಇದೇ ಆದ್ದರಿಂದ ಅಲ್ಲಿಂದಲೇ ಹೊರಡೋಣ.

1922ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಹಾಲ್ಟೇನ್ ಎಂಬ ಪ್ರಾಧ್ಯಾಪಕರು, ಎಂಜಿನಿಯರುಗಳನ್ನು ಒಂದು ಕಟ್ಟಿಗೆ ತರುವ ಪ್ರತಿಜ್ಞೆಯೊಂದು ಬೇಕು ಎಂದು ಸಭೆಯಲ್ಲಿ ಪ್ರಸ್ತಾಪಿಸಿದರು. ಅದರ ಪಠ್ಯ ಬರೆದುಕೊಟ್ಟವರು ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಸಾಮ್ರಾಜ್ಯದ ಬಗ್ಗೆ ಅವರ ಅಭಿಪ್ರಾಯಗಳು ನಮಗೆ ರುಚಿಸುವಂಥವಲ್ಲ, ಆದರೆ ಕೈಕೆಲಸ ಬಲ್ಲವರ ಮೇಲೆ ಅವರಿಗಿದ್ದ ಗೌರವ ನಿಜವಾದದ್ದು. ಮೊದಲ ಸಮಾರಂಭ 1925ರ ಏಪ್ರಿಲ್ 25ರಂದು ಮಾಂಟ್ರಿಯಲ್‌ನಲ್ಲಿ ನಡೆಯಿತು. ಕೆಟ್ಟ ಕೆಲಸವನ್ನಾಗಲಿ ದೋಷವಿರುವ ಸಾಮಗ್ರಿಯನ್ನಾಗಲಿ ಮುಂದಕ್ಕೆ ದಾಟಿಸುವುದಿಲ್ಲ, ದಾಟಿಸುವುದರಲ್ಲಿ ಪಾಲುದಾರನಾಗುವುದೂ ಇಲ್ಲ ಎಂಬುದು ಕಿಪ್ಲಿಂಗ್ ಬರೆದ ಪ್ರತಿಜ್ಞೆಯ ತಿರುಳು. ಉಂಗುರವನ್ನು ಕೆಲಸ ಮಾಡುವ ಕೈಯ ಕಿರುಬೆರಳಿಗೇ ಹಾಕುತ್ತಾರೆ, ನಕ್ಷೆಯ ಮೇಲೆ ಕೈ ಎಳೆದಾಗಲೆಲ್ಲ ಅದು ಕಾಗದಕ್ಕೆ ತಾಗಬೇಕು. 1970ರಲ್ಲಿ ಅಮೆರಿಕದವರೂ ಸ್ಟೇನ್‌ಲೆಸ್ ಸ್ಟೀಲಿನ ಉಂಗುರವಿಟ್ಟು ಇಂಥದ್ದೇ ಒಂದನ್ನು ಶುರು ಮಾಡಿದರು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ತೆಗೆದುಹಾಕುತ್ತೇನೆ. ಕುಸಿದ ಸೇತುವೆಯೊಂದರ ಕಬ್ಬಿಣದಿಂದ ಮೊದಲ ಉಂಗುರಗಳನ್ನು ಮಾಡಿದರು ಎಂಬುದು ಬರಿಯ ದಂತಕಥೆ. ಇನ್ನೊಂದು, ಆ ಉಂಗುರ ಪರವಾನಗಿಯಲ್ಲ. ಕೆನಡಾದಲ್ಲಿ ಪರವಾನಗಿ ಕೊಡುವವು ಆಯಾ ಪ್ರಾಂತ್ಯದ ವೃತ್ತಿಸಂಸ್ಥೆಗಳು. ಅದಕ್ಕೆ ವರ್ಷಗಟ್ಟಲೆ ಅನುಭವ ಬೇಕು, ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ನಿಮ್ಮ ಅಕ್ಕ ಉಂಗುರ ತೊಟ್ಟ ಮಾತ್ರಕ್ಕೆ ಅಲ್ಲಿ ಯಾವ ನಕ್ಷೆಗೂ ಮೊಹರು ಒತ್ತುವಂತಿಲ್ಲ.

ಆ ದಂತಕಥೆ ಸುತ್ತುವುದು ಕ್ವಿಬೆಕ್ ಸೇತುವೆಯನ್ನು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ನಿಮ್ಮ ಹುದ್ದೆಯವನೇ ಒಬ್ಬನಿದ್ದಾನೆ.

ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಉಕ್ಕಿನ ಸೇತುವೆ ಅದು. ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್ ಅಮೆರಿಕದ ದೊಡ್ಡ ಹೆಸರು, ವಯಸ್ಸಾದವರು, ನ್ಯೂಯಾರ್ಕಿನಿಂದ ಕದಲುತ್ತಿರಲಿಲ್ಲ. ಮಧ್ಯದ ಹರವನ್ನು, ಅಂದರೆ ಎರಡು ಕಂಬಗಳ ನಡುವಿನ ಅಂತರವನ್ನು, 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದವರು ಅವರೇ. ಹರವು ಹಿಗ್ಗಿತು, ಆದರೆ ಸೇತುವೆಯ ಸ್ವಂತ ತೂಕದ ಲೆಕ್ಕವನ್ನು ಹೊಸದಾಗಿ ಹಾಕಲಿಲ್ಲ. ತೂಕ ಅಂದಾಜನ್ನು ಮೀರಿದೆ ಎಂದು ಗೊತ್ತಾಗುವ ವೇಳೆಗೆ ಬಹಳಷ್ಟು ಉಕ್ಕು ಮೇಲೇರಿತ್ತು. ಇಷ್ಟು ಹೆಚ್ಚುವರಿ ಒತ್ತಡ ತಡೆದೀತು ಎಂದು ತೀರ್ಮಾನಿಸಿ ಮುಂದುವರಿದರು. 1907ರ ಆಗಸ್ಟಿನಲ್ಲಿ ಕೆಳಭಾಗದ ಒಂದು ತೊಲೆ ಬಾಗತೊಡಗಿತು. ಮುಕ್ಕಾಲು ಅಂಗುಲವಿದ್ದ ಬಾಗು ಸುಮಾರು ವಾರದಲ್ಲಿ ಎರಡೂಕಾಲು ಅಂಗುಲವಾಯಿತು. ತರಬೇತಾದ ಯಾವ ಕಣ್ಣಿಗೂ ಇದರ ಅರ್ಥ ತಿಳಿಯಬೇಕು: ಒತ್ತಡ ಹೊತ್ತ ತೊಲೆ ನಿಂತಲ್ಲೇ ಸೋಲುತ್ತಿದೆ.

ಸೈಟಿನಲ್ಲಿದ್ದ ಯುವ ಎಂಜಿನಿಯರ್ ಮೆಕ್ಲೂರ್ ಅದನ್ನು ಅಳೆದ, ಬರೆದಿಟ್ಟ. ಮೇಲಿನವರಲ್ಲಿ ಕೆಲವರು ಆ ಬಾಗು ಕಾರ್ಖಾನೆಯಿಂದ ಬಂದಾಗಲೇ ಇತ್ತು ಎಂದು ವಾದಿಸಿದರು. ಕೆಲಸ ನಿಲ್ಲಿಸಿದರೆ ಎಲ್ಲರ ಮನೋಬಲ ಕೆಡುತ್ತದೆ ಎಂಬ ಮಾತೂ ಬಂತು. (ಈ ಮಾತು ನಿಮಗೆ ಮೈಸೂರಿನಲ್ಲೂ ಕೇಳಿಸುತ್ತದೆ, ‘ಲೇಬರ್ ಎದ್ದು ಹೋಗುತ್ತಾರೆ ಸಾರ್’ ಎಂಬ ರೂಪದಲ್ಲಿ.) ಕೆಲಸ ನಿಲ್ಲಿಸುವ ಅಧಿಕಾರ ತನಗಿದೆ ಎಂದು ಸ್ಥಳದಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಮೆಕ್ಲೂರ್ ಖುದ್ದಾಗಿ ವಿವರಿಸಲು ನ್ಯೂಯಾರ್ಕಿಗೆ ರೈಲು ಹತ್ತಿದ. ಆಗಸ್ಟ್ 29ರಂದು ಕೂಪರ್ ವಿಷಯ ಕೇಳಿದರು, ಗಾಬರಿಯಾದರು, ಇನ್ನು ಭಾರ ಹೇರಬೇಡಿ ಎಂದು ತಂತಿ ಕಳಿಸಿದರು. ಕಳಿಸಿದ್ದು ಪೆನ್ಸಿಲ್ವೇನಿಯಾದಲ್ಲಿದ್ದ ಸೇತುವೆ ಕಂಪನಿಯ ಕಚೇರಿಗೆ; ಕ್ವಿಬೆಕ್‌ಗೆ ಸುದ್ದಿ ಮುಟ್ಟಲಿಲ್ಲ. ಅದೇ ಸಂಜೆ, ದಿನದ ಪಾಳಿ ಮುಗಿಯುವ ಹೊತ್ತಿಗೆ ಸೇತುವೆಯ ದಕ್ಷಿಣ ಭಾಗ ನದಿಗೆ ಬಿತ್ತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅವರಲ್ಲಿ 33 ಮಂದಿ ಮಾಂಟ್ರಿಯಲ್ ಬಳಿಯ ಒಂದೇ ಊರಿನ, ಮೊಹಾಕ್ ಎಂಬ ಮೂಲನಿವಾಸಿ ಸಮುದಾಯದ ಕಾರ್ಮಿಕರು. 1916ರಲ್ಲಿ ಹೊಸ ಸೇತುವೆಯ ನಡುಭಾಗವನ್ನು ಎತ್ತುವಾಗ ಅದೂ ಜಾರಿ ಬಿದ್ದು ಇನ್ನೂ 13 ಜನ ಹೋದರು.

ಇಡೀ ಕಥೆಯಲ್ಲಿ ಲಂಚವಿಲ್ಲ, ಸಿಮೆಂಟ್ ಕದ್ದವನಿಲ್ಲ. ಅಳತೆ ಸರಿಯಾಗಿತ್ತು, ದಾಖಲೆ ಇತ್ತು, ಮೇಲಿನವರಿಗೆ ತಿಳಿಸಿದ್ದೂ ಆಯಿತು. ಹಾಗಿದ್ದೂ ತೊಲೆಯ ಪಕ್ಕದಲ್ಲಿ ನಿಂತವನಿಗೆ ‘ಎಲ್ಲರೂ ಕೆಳಗಿಳಿಯಿರಿ’ ಎನ್ನುವ ಹಕ್ಕು ಇರಲಿಲ್ಲ, ಹಕ್ಕಿದ್ದವರು ತೊಲೆಯನ್ನು ನೋಡಿರಲಿಲ್ಲ. ‘ನಾನು ಮೇಲಕ್ಕೆ ತಿಳಿಸಿದ್ದೆ’ ಎಂಬ ಸಮಾಧಾನ ಎಷ್ಟು ತೆಳುವಾದದ್ದು ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರ ಚಿಕ್ಕದು. ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ವೈದ್ಯರಿಗೆ ಪರಿಷತ್ತಿದೆ. ನೋಂದಣಿ ರದ್ದಾದರೆ ಅವರ ಕಸುಬು ಅಲ್ಲಿಗೆ ನಿಂತಿತು. ಎಂಜಿನಿಯರ್ ಎಂದು ಕರೆದುಕೊಳ್ಳಲು ಅಂಥ ನೋಂದಣಿಯೇ ಬೇಕಿಲ್ಲ. ಪಾಲಿಕೆಗಳು ನಕ್ಷೆಗೆ ಸಹಿ ಹಾಕುವವರ ಪಟ್ಟಿ ಇಟ್ಟುಕೊಳ್ಳುತ್ತವೆ, ಅಷ್ಟೆ. 1920ರಲ್ಲಿ ಹುಟ್ಟಿದ ಭಾರತೀಯ ಎಂಜಿನಿಯರುಗಳ ಸಂಸ್ಥೆಗೆ ನೀತಿಸಂಹಿತೆಯಿದೆ, ಚಾರ್ಟರ್ಡ್ ಎಂಜಿನಿಯರ್ ಎಂಬ ಮನ್ನಣೆಯಿದೆ, ಮೈಸೂರಿನಲ್ಲಿ ಅದರ ಸ್ಥಳೀಯ ಕೇಂದ್ರವೂ ಇದೆ. ಆದರೆ ಸೇರುವುದು ಬಿಡುವುದು ಅವರವರ ಇಷ್ಟ. ಕಳೆದುಕೊಳ್ಳಲು ಪರವಾನಗಿಯೇ ಇಲ್ಲದವನಿಗೆ ಪ್ರತಿಜ್ಞೆ ಮಾಡಿಸಿ ಏನು ಮಾಡುವುದು ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಕಾಯ್ದೆ ಇಲ್ಲದ ಕಡೆಯೇ ನಾಲ್ಕು ಜನ ಸಹವೃತ್ತಿಯವರ ಎದುರು ಆಡಿದ ಮಾತು ಹೆಚ್ಚು ಬೇಕು, ನಾಳೆ ಎದುರಿಗೆ ಸಿಕ್ಕಾಗ ಮುಖ ತೋರಿಸಬೇಕಲ್ಲ.

ನಮ್ಮಲ್ಲಿ ಪ್ರತಿಜ್ಞೆಯ ಜಾಗವನ್ನು ವಿಶ್ವೇಶ್ವರಯ್ಯನವರ ಮೇಣದಬತ್ತಿ ತುಂಬಿದೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ್ದು. ಸೆಪ್ಟೆಂಬರ್ 15 ಬಂತೆಂದರೆ ಪ್ರತಿ ಕಾಲೇಜಿನ ವೇದಿಕೆಯಲ್ಲೂ ಅದೇ ಬತ್ತಿ ಉರಿಯುತ್ತದೆ. ನಡೆದದ್ದೋ ಹೆಣೆದದ್ದೋ, ಆ ಕಥೆ ನನಗೆ ಸೇರುವುದಿಲ್ಲ. ಪ್ರಾಮಾಣಿಕತೆ ಎಂದರೆ ಮಹಾಪುರುಷರ ಮನೆಯ ವ್ರತ ಎಂಬ ಭಾವನೆ ಅದರಿಂದ ಹುಟ್ಟುತ್ತದೆ, ಕೇಳಿದ ಹುಡುಗರು ಕೈಮುಗಿದು ಮನೆಗೆ ಹೋಗುತ್ತಾರೆ. ಅವರ ಎಂಜಿನಿಯರಿಂಗನ್ನು ಚರ್ಚಿಸುವ ವೇದಿಕೆಗಳು ಕಡಿಮೆ.

ಕನ್ನಂಬಾಡಿಯನ್ನೇ ತೆಗೆದುಕೊಳ್ಳಿ, ನಿಮ್ಮ ಜಿಲ್ಲೆಯದೇ ವಿಷಯ. 1911ರಲ್ಲಿ ಕೆಲಸ ಶುರುವಾದಾಗ ಮದ್ರಾಸಿನ ಆಕ್ಷೇಪದಿಂದಾಗಿ ಅನುಮತಿ ಸಿಕ್ಕಿದ್ದು ಸುಮಾರು 11 ಟಿಎಂಸಿ ಅಡಿ ಸಂಗ್ರಹದ ಮೊದಲ ಹಂತಕ್ಕೆ. ತಳಪಾಯ ಹಾಕಿದ್ದು ಮಾತ್ರ 41.5 ಟಿಎಂಸಿಯ ಪೂರ್ಣ ಯೋಜನೆಯ ಲೆಕ್ಕಕ್ಕೆ. ಮದ್ರಾಸು ಸಿಟ್ಟಾಯಿತು, ಮಧ್ಯಸ್ಥರಾಗಿದ್ದ ಗ್ರಿಫಿನ್ ಅವರ 1914ರ ತೀರ್ಪು ಮೈಸೂರಿನ ಪರವಾಗಿ ಬಂತು, ಮೇಲ್ಮನವಿ ಹೋಯಿತು, ಕೊನೆಗೆ 1924ರ ಒಪ್ಪಂದ. ಇದು ದೂರದೃಷ್ಟಿಯೋ ಅನುಮತಿಯ ಉಲ್ಲಂಘನೆಯೋ? ಮಂಡ್ಯದಲ್ಲಿ ಈ ಪ್ರಶ್ನೆ ಕೇಳಲು ಸ್ವಲ್ಪ ಧೈರ್ಯ ಬೇಕು. ಆದರೂ ವೃತ್ತಿನೀತಿಯ ತರಗತಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಬರಿಯ ತಾಂತ್ರಿಕ ಕಣ್ಣಿನಿಂದ ನೋಡಿದರೆ ಕ್ವಿಬೆಕ್‌ಗೆ ಇದು ಪೂರ್ತಿ ವಿರುದ್ಧ: ಅಲ್ಲಿ ಭಾರ ಬೆಳೆಯಿತು, ಲೆಕ್ಕ ಹಿಂದೆ ಉಳಿಯಿತು, ಇಲ್ಲಿ ಮುಂದೆ ಬರಬಹುದಾದ ಭಾರಕ್ಕೆ ಲೆಕ್ಕ ಮೊದಲೇ ಸಿದ್ಧವಿತ್ತು. ತಳಪಾಯ ಹೆಚ್ಚು ಗಟ್ಟಿಯಾದರೆ ಕಟ್ಟೆ ಒಡೆಯುವುದಿಲ್ಲ. ಆದರೆ ಕೆಳಗಿನ ನಾಡಿನ ರೈತನಿಗೆ ಆ ತಳಪಾಯದ ಅಗಲ ಬೇರೆಯದೇ ಸುದ್ದಿ ಹೇಳಿತು, ಹಿನ್ನೀರಿನಲ್ಲಿ ಮುಳುಗಿದ ಹಳೆಯ ಕನ್ನಂಬಾಡಿಯವರಿಗೆ ಇನ್ನೂ ಬೇರೆಯದು. ಸಾರ್ವಜನಿಕ ಹಿತವೇ ಮೊದಲು ಎಂದು ಎಲ್ಲ ನೀತಿಸಂಹಿತೆಗಳೂ ಹೇಳುತ್ತವೆ, ಸಾರ್ವಜನಿಕರು ಯಾರು ಎಂಬುದನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಎಣಿಸಬೇಕು.

ಕೆನಡಾದ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಯೋಜನೆಯ ಮುಖ್ಯ ರೂವಾರಿ ಜೋಲಿ ಡಿ ಲಾಟ್‌ಬಿನಿಯರ್ ಕ್ವಿಬೆಕ್ ಮೂಲದವರು, ಕೆನಡಾದ ಸೈನಿಕ ಕಾಲೇಜಿನಲ್ಲಿ ಕಲಿತವರು. ಉಂಗುರ ಹುಟ್ಟುವ ಮೊದಲೇ ಅಲ್ಲಿನ ಎಂಜಿನಿಯರ್ ಮಳವಳ್ಳಿ ತಾಲ್ಲೂಕಿಗೆ ಬಂದು ಹೋಗಿದ್ದಾರೆ. ಶಿವನಸಮುದ್ರದ ಬ್ಲಫ್‌ಗೆ ಹೋದಾಗ ನೆನೆಯಿರಿ.

ಈಗ ನಿಮ್ಮ ಸೈಟು. ಅಲ್ಲಿ ಸೇತುವೆ ಬೀಳುವುದಿಲ್ಲ, ಮೊದಲ ಪರೀಕ್ಷೆ ಬರುವುದು ಒಂದು ಬಕೆಟ್ ನೀರಿನ ರೂಪದಲ್ಲಿ. ಮಧ್ಯಾಹ್ನದ ಬಿಸಿಲು, ಕಾಂಕ್ರೀಟ್ ಗಟ್ಟಿಯಾಗುತ್ತಿದೆ, ಮೇಸ್ತ್ರಿ ‘ಸ್ವಲ್ಪ ನೀರು ಬಿಡಿ’ ಎನ್ನುತ್ತಾನೆ. ಐವತ್ತು ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ 0.5 ಅನುಪಾತದಲ್ಲಿ 25 ಲೀಟರ್ ನೀರು. ಹತ್ತು ಲೀಟರಿನ ಒಂದು ಬಕೆಟ್ ಸೇರಿಸಿದರೆ ಅನುಪಾತ 0.7 ಆಯಿತು, ಬಲದಲ್ಲಿ ಮೂರನೇ ಒಂದರಷ್ಟು ಹೋದರೂ ಆಶ್ಚರ್ಯವಿಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಂಕ್ರೀಟ್ ಇನ್ನೂ ಚೆನ್ನಾಗಿ ಹರಿಯುತ್ತದೆ, ಮೇಲ್ಮೈ ನುಣುಪಾಗುತ್ತದೆ, ಮನೆಯ ಮಾಲೀಕರಿಗೂ ಖುಷಿ. ಇಲ್ಲಿ ‘ಬೇಡ’ ಎಂದಷ್ಟೇ ಹೇಳುವವನನ್ನು ಎರಡನೆಯ ದಿನದಿಂದ ಯಾರೂ ಕೇಳುವುದಿಲ್ಲ. ಹರಿವು ಬೇಕಿದ್ದರೆ ನೀರು ಹೆಚ್ಚಿಸದೆ ಹರಿವು ಕೊಡುವ ಪ್ಲಾಸ್ಟಿಸೈಸರ್ ಮಿಶ್ರಣದಲ್ಲೇ ಇರಬೇಕಿತ್ತು, ಹಿಂದಿನ ದಿನವೇ ಹೇಳಿ ತರಿಸಬೇಕಿತ್ತು, ಇಲ್ಲವೇ ಬೆಳಗಿನ ಜಾವಕ್ಕೆ ಕೆಲಸ ಇಟ್ಟುಕೊಳ್ಳಬೇಕಿತ್ತು. ತಡೆಯುವ ಎಂಜಿನಿಯರಿನ ಕೈಯಲ್ಲಿ ಬೇರೆ ದಾರಿಯೂ ಇರಬೇಕು. ಆದರ್ಶದ ಮುಕ್ಕಾಲು ಪಾಲು ಹಿಂದಿನ ದಿನದ ತಯಾರಿಯೇ ಎಂದು ನನಗೆ ಅನ್ನಿಸಿದೆ.

ಎರಡನೆಯದು ಕ್ಯೂಬ್, ಅಂದರೆ ಬಲ ಪರೀಕ್ಷಿಸಲು ಅಚ್ಚಿನಲ್ಲಿ ಹಾಕುವ ಕಾಂಕ್ರೀಟಿನ ಘನ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ 6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಪ್ರತಿ ಮಾದರಿಗೆ ಮೂರು ಕ್ಯೂಬ್. ಸಾಧಾರಣ ಮನೆಯೊಂದರ ತಾರಸಿ ಇಷ್ಟರೊಳಗೆ ಬರುತ್ತದೆ. 150 ಮಿ.ಮೀ.ನ ಕ್ಯೂಬು 28ನೇ ದಿನ ಸುಮಾರು 450 ಕಿಲೋನ್ಯೂಟನ್ ತಡೆದರೆ ಎಂ20 ಕಾಂಕ್ರೀಟಿನ ಬಲವಾದ ಚದರ ಮಿ.ಮೀ.ಗೆ 20 ನ್ಯೂಟನ್ ಮುಟ್ಟಿತು ಎಂದರ್ಥ. ಇನ್ನು ಸೈಟಿನಲ್ಲಿ ನಡೆಯುವುದು: ತಾರಸಿಗೆ ಒಂದು ಮಿಶ್ರಣ, ಕ್ಯೂಬಿಗೆ ಮೂಲೆಯಲ್ಲಿ ಪ್ರತ್ಯೇಕವಾಗಿ ಸಿಮೆಂಟ್ ಹೆಚ್ಚಿಸಿ ಕಲೆಸಿದ ಇನ್ನೊಂದು. ಕೆಲವು ಕಡೆ ಅಷ್ಟು ಶ್ರಮವೂ ಇಲ್ಲ, ತಾರಸಿ ಹಾಕಿ ಇಪ್ಪತ್ತು ದಿನವೂ ಆಗದೆ 28 ದಿನದ ವರದಿ ಕಡತದಲ್ಲಿ ಕುಳಿತಿರುತ್ತದೆ. ಆರೂ ಕ್ಯೂಬುಗಳ ಫಲಿತಾಂಶ ಅಕ್ಕತಂಗಿಯರ ಹಾಗೆ ಒಂದೇ ತೆರನಾಗಿದ್ದರೆ ಅನುಮಾನ ಪಡಿ. ನಿಜವಾದ ಕಾಂಕ್ರೀಟ್ ಅಷ್ಟು ಶಿಸ್ತಿನದಲ್ಲ. ನೀವು ಮಾಡಬೇಕಾದದ್ದು ಸಣ್ಣದು. ಸುರಿಯುತ್ತಿರುವ ಕಾಂಕ್ರೀಟಿನಿಂದಲೇ ನೀವೇ ನಿಂತು ಮಾದರಿ ತೆಗೆಸಿ, ಹಸಿಯಾಗಿರುವಾಗಲೇ ದಿನಾಂಕವನ್ನೂ ನಿಮ್ಮ ಇನಿಷಿಯಲ್ಲನ್ನೂ ಅದರ ಮೇಲೆ ಗೀಚಿ. ನಿಮ್ಮ ಗುರುತಿಲ್ಲದ ಕ್ಯೂಬಿನ ವರದಿಗೆ ಸಹಿ ಹಾಕಬೇಡಿ. ಲೋಕೋಪಯೋಗಿ ಇಲಾಖೆಯ ಅಳತೆ ಪುಸ್ತಕದಲ್ಲಿ ಅಳಿಸಿ ಬರೆಯುವಂತಿಲ್ಲ. ತಪ್ಪಿದ್ದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದು ಇನಿಷಿಯಲ್ ಹಾಕಬೇಕು. ಖಾಸಗಿ ಸೈಟಿನ ನಿಮ್ಮ ದಿನಚರಿಗೂ ಅದೇ ನಿಯಮ ಇಟ್ಟುಕೊಳ್ಳಿ.

ಬರೆದಿಟ್ಟ ಅಳತೆಗೆ ನೀವು ಊಹಿಸದಷ್ಟು ಆಯುಷ್ಯವಿರುತ್ತದೆ. 2018ರಲ್ಲಿ ಕೆಆರ್‌ಎಸ್ ಸುತ್ತ ಭಾರಿ ಸದ್ದು ಕೇಳಿಸಿದಾಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉಪಕರಣದಲ್ಲಿ ಕಂಪನ ದಾಖಲಾಗಿತ್ತು. ಅದು ಕಲ್ಲುಗಣಿ ಸ್ಫೋಟದ್ದು, ಕಟ್ಟೆಗೆ ಒಳ್ಳೆಯದಲ್ಲ ಎಂದು ಅವರು ಬರೆದು ಕೊಟ್ಟರು. ಅಲ್ಲಿನ ಬೇಬಿ ಬೆಟ್ಟದ ಕಲ್ಲುಗಣಿಗಳ ವಿವಾದ ಆಮೇಲೆ ವರ್ಷಗಟ್ಟಲೆ ಎಳೆಯಿತು, ರಾಜಕೀಯ ಬೆರೆಯಿತು, 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿ.ಮೀ. ಸುತ್ತ ಗಣಿಗಾರಿಕೆಗೆ ತಡೆ ಹಾಕಿತು. ಅಷ್ಟು ವರ್ಷಗಳ ಕೂಗಾಟದ ನಡುವೆ ಯಾರೂ ತಿರುಚಲಾಗದೆ ಉಳಿದದ್ದು ಆ ದಾಖಲೆ.

ಇದಕ್ಕೆಲ್ಲ ಬೆಲೆ ತೆರಬೇಕಾಗುತ್ತದೆಯೇ ಎಂದರೆ, ಹೌದು. ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸದಲ್ಲಿನ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರಿನಲ್ಲಿ ಗಯಾದಲ್ಲಿ ಗುಂಡೇಟಿಗೆ ಬಲಿಯಾದರು. ಅದು ದರೋಡೆಯ ಕೊಲೆ ಎಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದ ಅವರ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡಿದ್ದಂತೂ ನಿಜ. ಇದನ್ನು ಹೇಳದೆ ಹುಡುಗರಿಗೆ ಆದರ್ಶ ಬೋಧಿಸುವವರನ್ನು ನಾನು ನಂಬುವುದಿಲ್ಲ. ನಿಮ್ಮ ಸೈಟಿನಲ್ಲಿ ಪ್ರಾಣಭಯ ಇರಲಾರದು, ಸಂಬಳದ ಭಯ ಇರುತ್ತದೆ. ಆದ್ದರಿಂದ ಒಬ್ಬಂಟಿಯಾಗಿ ಜಗಳಕ್ಕೆ ಇಳಿಯಬೇಡಿ. ವಿನ್ಯಾಸ ಮಾಡಿದ ಎಂಜಿನಿಯರಿನ ಫೋನ್ ನಂಬರ್ ನಿಮ್ಮ ಬಳಿ ಇರಲಿ, ಅನುಮಾನ ಬಂದ ಫೋಟೊ ಅಂದೇ ಅವರಿಗೆ ಹೋಗಲಿ. ಮಾತಿನಲ್ಲಿ ಬಂದ ಆದೇಶವನ್ನು ‘ತಾವು ಹೇಳಿದಂತೆ’ ಎಂದು ಸಂಜೆ ಒಂದು ಸಾಲಿನ ಮೆಸೇಜಾಗಿ ಅವರಿಗೇ ಕಳುಹಿಸಿ. ಅರ್ಧಕ್ಕರ್ಧ ಕೆಟ್ಟ ಆದೇಶಗಳು ಅಕ್ಷರವಾದ ಕೂಡಲೇ ವಾಪಸ್ಸಾಗುತ್ತವೆ. ಆರು ತಿಂಗಳ ಖರ್ಚಿನಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇಗ ಕೂಡಿಡಿ, ಬೈಕು ಆಮೇಲೆ. ಕಂತು ಕಟ್ಟುತ್ತಿರುವವನಿಗೆ ‘ಆಗುವುದಿಲ್ಲ’ ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ.

ಹೆಬ್ಬಾಳದ ಕಡೆ ಸಾಫ್ಟ್‌ವೇರಿಗೆ ಹೋದ ನಿಮ್ಮ ಗೆಳೆಯರಿಗೆ ಇದೆಲ್ಲ ತಮಗಲ್ಲ ಅನ್ನಿಸಬಹುದು. ಹೊಗೆ ಪರೀಕ್ಷೆಯ ವೇಳೆ ಮಾತ್ರ ಕಾರು ಸಭ್ಯವಾಗಿ ವರ್ತಿಸುವಂತೆ ಸಾಫ್ಟ್‌ವೇರ್ ಬರೆಸಿದ ಫೋಕ್ಸ್‌ವ್ಯಾಗನ್ ಪ್ರಕರಣ 2015ರಲ್ಲಿ ಬಯಲಾಯಿತು. ಅದರಲ್ಲಿ ತಪ್ಪೊಪ್ಪಿಕೊಂಡ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಜೈಲು ವಿಧಿಸಿತು. ಕಂಪನಿಗಾಗಿ ಮಾಡಿದೆ ಎಂಬುದು ಅವರನ್ನು ಜೈಲಿನಿಂದ ಉಳಿಸಲಿಲ್ಲ.

ಶುರು ಎಲ್ಲಿಂದ ಎಂದು ಕೇಳಿದ್ದೀರಿ. ಸೇರಿದ ಮೊದಲ ವಾರವೇ ನಿಮ್ಮ ಪ್ರಾಜೆಕ್ಟ್ ಮ್ಯಾನೇಜರನ್ನು ಕೇಳಿ: ಕಂಬಿ ಕಟ್ಟಿದ್ದು ನಕ್ಷೆಯಂತೆ ಇಲ್ಲದಿದ್ದರೆ ಕಾಂಕ್ರೀಟ್ ಹಾಕುವುದನ್ನು ನಿಲ್ಲಿಸುವ ಅಧಿಕಾರ ಸೈಟಿನಲ್ಲಿ ಯಾರಿಗಿದೆ? ಭಾನುವಾರ ಅವರು ಇಲ್ಲದಿದ್ದರೆ ಯಾರಿಗೆ? ‘ನಿನಗೇ ಇದೆ’ ಎಂದರೆ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ, ಮೇಸ್ತ್ರಿಗೂ ತಿಳಿಸಲು ಹೇಳಿ. ಬೇರೆಯವರ ಹೆಸರು ಹೇಳಿದರೆ ಅವರ ನಂಬರನ್ನು ಗೋಡೆಯ ಮೇಲೆ ಬರೆಸಿ. ಪ್ರಶ್ನೆ ಕೇಳಿ ನಕ್ಕುಬಿಟ್ಟರೆ ಕೆಲಸ ಕಲಿಯುವವರೆಗೆ ಇರಿ, ಬೇರೆ ಕಡೆ ಅರ್ಜಿ ಹಾಕುತ್ತಾ ಇರಿ. ಒಂದು ಭಾನುವಾರ ಬಿಡುವು ಮಾಡಿಕೊಂಡು ನಿಮ್ಮ ಬ್ಯಾಚಿನ ನಾಲ್ಕೈದು ಜನ, ನಿಮಗೆ ಪಾಠ ಹೇಳಿದ ಮೇಷ್ಟರೊಬ್ಬರು ಒಂದು ಕಡೆ ಸೇರಿ. ಏನಕ್ಕೆ ಸಹಿ ಹಾಕುವುದಿಲ್ಲ ಎಂದು ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ಬರೆದು ಗಟ್ಟಿಯಾಗಿ ಓದಿ, ಆ ಹಾಳೆಗಳನ್ನು ಮೇಷ್ಟರ ಬಳಿ ಬಿಟ್ಟು ಬನ್ನಿ. ವರ್ಷಕ್ಕೊಮ್ಮೆ ಅವರೆದುರು ಕುಳಿತು, ಯಾರು ಯಾವುದನ್ನು ಮುರಿಯಬೇಕಾಯಿತು, ಯಾರ ಒತ್ತಡಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿ.